ಲಾಭ ಒಬ್ಬರಿಗೆ, ಹೊಣೆ ಯಾರಿಗೆ?

(ಕಾರವಾರದ ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಸಂಗ್ರಹ ರೂಪ)



ಅಣುವಿದ್ಯುತ್ತಿನ ಕುರಿತು ಮಾತನಾಡಲು ಮದ್ರಸದಲ್ಲಿ ಕಲಿತವನನ್ನು ಏಕೆ ಕರೆದಿರಿ ಎಂದು ಕೆಲವರು ಸಂಘಟಕರನ್ನು ಕೇಳಿದರಂತೆ. ನ್ಯಾಯವಾದ ಪ್ರಶ್ನೆಯೇ. ಯಂತ್ರಗಳ ಬಗ್ಗೆ ಹೇಳಬೇಕಾದವರು ವಿಜ್ಞಾನಿಗಳು. ಆದರೆ ಒಂದು ಕಾರ್ಯದಿಂದ ಲಾಭ ಯಾರಿಗೆ, ಹಾನಿಯಾದರೆ ಉತ್ತರ ಕೊಡಬೇಕಾದವರು ಯಾರು ಎಂಬ ಪ್ರಶ್ನೆ ನಮ್ಮೆಲ್ಲರದು. ಅದು ಇಸ್ಲಾಮೀ ಕರ್ಮಶಾಸ್ತ್ರದ ಹಳೆಯ ಪ್ರಶ್ನೆಯೂ ಹೌದು.

ಮೊದಲು ಲಾಭದ ಮಾತು. ವಿರೋಧಿಸುವ ಭರದಲ್ಲಿ ಸತ್ಯವನ್ನು ಮರೆಮಾಚುವುದು ವಿಶ್ವಾಸಿಗೆ ಭೂಷಣವಲ್ಲ. ನಮ್ಮ ಕಾಳಿ ನದಿಯ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಅದರ ಮೊದಲನೆಯ ಘಟಕವು 2018ರ ಡಿಸೆಂಬರ್ ಅಂತ್ಯದವರೆಗೆ 962 ದಿನ ನಿಲ್ಲದೆ ನಡೆದು ಅಂದಿನ ವಿಶ್ವ ದಾಖಲೆ ಸ್ಥಾಪಿಸಿತು. ಕಲ್ಲಿದ್ದಲು ಸುಡುವ ರಾಯಚೂರಿನ ಸ್ಥಾವರದಂತೆ ಇದು ಬೂದಿ ಕಾರುವುದಿಲ್ಲ. ವಿದ್ಯುತ್ ಉತ್ಪಾದಿಸುವಾಗ ಇಂಗಾಲದ ಡೈಆಕ್ಸೈಡನ್ನೂ ಉಗುಳುವುದಿಲ್ಲ. ಭೂಮಿಯ ತಾಪ ಏರುತ್ತಿರುವ ಈ ಕಾಲದಲ್ಲಿ ಇದು ಸಣ್ಣ ಗುಣವಲ್ಲ. ಕತ್ತಲಲ್ಲಿರುವ ಬಡವನಿಗೆ ವಿದ್ಯುತ್ ಬೇಡವೆನ್ನುವ ಹಕ್ಕು, ಫ್ಯಾನಿನ ಕೆಳಗೆ ಕುಳಿತ ನಮಗಿಲ್ಲ.

ಆದರೆ ಇನ್ನೊಂದು ಪುಟವನ್ನೂ ಓದಬೇಕಲ್ಲವೇ? 1986ರ ಚೆರ್ನೋಬಿಲ್, 2011ರ ಫುಕುಶಿಮಾ ಜಗತ್ತಿಗೇ ತಿಳಿದಿವೆ. ಕೈಗಾದಲ್ಲೇ 1994ರ ಮೇ ತಿಂಗಳಲ್ಲಿ, ನಿರ್ಮಾಣದ ಹಂತದಲ್ಲಿದ್ದ ಗುಮ್ಮಟದ ಒಳಭಾಗ ಕುಸಿದು ಬಿತ್ತು. ಅಲ್ಲಾಹನ ಕೃಪೆ, ಆಗ ಇನ್ನೂ ಇಂಧನ ತುಂಬಿರಲಿಲ್ಲ. 2009ರ ನವೆಂಬರ್‌ನಲ್ಲಿ ನೌಕರರ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇರುವ ಭಾರಜಲ ಬೆರೆತು, ಐವತ್ತಕ್ಕೂ ಹೆಚ್ಚು ಮಂದಿಯ ದೇಹ ಸೇರಿತು. ಒಳಗಿನವರೇ ಯಾರೋ ಬೇಕೆಂದು ಮಾಡಿದ ಕೃತ್ಯವಿದೆಂದು ಅಧಿಕಾರಿಗಳೇ ಹೇಳಿದರು. ಗೋಡೆ ಎಷ್ಟು ದಪ್ಪವಿದ್ದರೂ ಅದರ ಒಳಗಿರುವವನು ಮನುಷ್ಯ. ಅವನು ಮರೆಯುತ್ತಾನೆ, ಮುನಿಯುತ್ತಾನೆ, ತಪ್ಪುತ್ತಾನೆ.

ಇನ್ನು ತ್ಯಾಜ್ಯದ ವಿಚಾರ. ರಿಯಾಕ್ಟರಿನಲ್ಲಿ ಹುಟ್ಟುವ ಪ್ಲುಟೋನಿಯಂ-239 ಅರ್ಧದಷ್ಟು ಕ್ಷಯಿಸಲು ಸುಮಾರು 24,000 ವರ್ಷ ಬೇಕು. ಗುಹಾವಾಸಿಗಳ ವೃತ್ತಾಂತವನ್ನು ನಾವೆಲ್ಲ ಪ್ರತಿ ಶುಕ್ರವಾರ ಓದುತ್ತೇವೆ. ಅವರು ಮಲಗಿದ್ದು ಮುನ್ನೂರ ಒಂಬತ್ತು ವರ್ಷ. ಅಷ್ಟರಲ್ಲೇ ರಾಜ್ಯ ಬದಲಾಗಿತ್ತು, ಜನ ಬದಲಾಗಿದ್ದರು. ಹಾಗಾದರೆ ಇಪ್ಪತ್ತನಾಲ್ಕು ಸಾವಿರ ವರ್ಷ ಕಾವಲು ಕಾಯುವ ಸರಕಾರ ಯಾವುದು? ಇನ್ನೂ ಹುಟ್ಟದವರ ಒಪ್ಪಿಗೆ ಪಡೆದವರು ಯಾರು? ಈ ಭೂಮಿ ನಮ್ಮ ಕೈಯಲ್ಲಿರುವ ಅಮಾನತ್ತು. ನಾವು ಅದರ ಒಡೆಯರಲ್ಲ.

ವಸ್ತುವಿನ ಲಾಭ ಯಾರದೋ ಅದರ ನಷ್ಟದ ಹೊಣೆಯೂ ಅವರದೇ ಎಂಬುದು ಕರ್ಮಶಾಸ್ತ್ರದ ಪ್ರಸಿದ್ಧ ನಿಯಮ. ನಮ್ಮ ಕಾನೂನು ಏನು ಹೇಳುತ್ತದೆ? 1984ರ ಭೋಪಾಲ್ ದುರಂತದ ಸಂತ್ರಸ್ತರಿಗೆ 1989ರಲ್ಲಿ 47 ಕೋಟಿ ಡಾಲರಿನ ಒಪ್ಪಂದದಲ್ಲಿ ನ್ಯಾಯ ಮುಗಿಸಲಾಯಿತು. ಆ ಕಹಿ ನೆನಪಿನಿಂದಲೇ 2010ರ ಅಣು ಹೊಣೆಗಾರಿಕೆ ಕಾಯ್ದೆಯಲ್ಲಿ, ದೋಷಪೂರಿತ ಉಪಕರಣ ಪೂರೈಸಿದ ಕಂಪೆನಿಯಿಂದ ನಷ್ಟ ವಸೂಲು ಮಾಡುವ ಕಲಮು ಸೇರಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ‘ಶಾಂತಿ’ ಕಾಯ್ದೆಯು ಈ ಕ್ಷೇತ್ರದ ಬಾಗಿಲನ್ನು ಖಾಸಗಿ ಕಂಪೆನಿಗಳಿಗೆ ತೆರೆಯಿತು; ಆ ಕಲಮನ್ನು ಕೈಬಿಟ್ಟಿತು. ಅತಿ ದೊಡ್ಡ ರಿಯಾಕ್ಟರಿಗೂ ನಿರ್ವಾಹಕನ ಹೊಣೆ 3,000 ಕೋಟಿ ರೂಪಾಯಿಗೆ ಸೀಮಿತ. ಫುಕುಶಿಮಾದ ಖರ್ಚು 21.5 ಲಕ್ಷ ಕೋಟಿ ಯೆನ್ ಎಂದು ಜಪಾನ್ ಸರಕಾರವೇ 2016ರಲ್ಲಿ ಅಂದಾಜಿಸಿತ್ತು. ಅಂದರೆ ಹತ್ತು ಲಕ್ಷ ಕೋಟಿ ರೂಪಾಯಿಗೂ ಮೀರಿದ ಮೊತ್ತ. ಉಳಿದ ಭಾರ ಯಾರ ತಲೆಗೆ? ತೆರಿಗೆ ಕಟ್ಟುವವನ ತಲೆಗೆ, ಮನೆ ಬಿಟ್ಟು ಓಡುವವನ ತಲೆಗೆ. ಸ್ಥಾವರ ಅಷ್ಟೊಂದು ಸುರಕ್ಷಿತವಾಗಿದ್ದರೆ ಹೊಣೆ ಹೊರಲು ಈ ಭಯವೇಕೆ?

ಅಬ್ದುಲ್ ಕಲಾಂ ಅವರೇ 2011ರಲ್ಲಿ ಕೂಡಂಕುಳಂ ಸುರಕ್ಷಿತವೆಂದರಲ್ಲ ಎಂದು ನಮ್ಮ ಯುವಕರು ಕೇಳುತ್ತಾರೆ. ಕಲಾಂ ಅವರ ಮೇಲೆ ನಮಗೆ ಗೌರವವಿದೆ. ಆದರೆ ಗೌರವವು ಪ್ರಶ್ನೆಗೆ ಉತ್ತರವಾಗದು. ಅತ್ತ ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ, ಕೈಗಾ ಬೇಡವೆಂದು 1989ರಲ್ಲಿ ಇದೇ ಜಿಲ್ಲೆಯಿಂದ ಲೋಕಸಭೆಗೆ ಸ್ಪರ್ಧಿಸಿದರು, ಸೋತರು. ಆಗ ನಮ್ಮ ಮಿಂಬರುಗಳು ಏನು ಹೇಳಿದ್ದವು? ಕಾಳಿಯ ನೀರು ಕುಡಿಯುವವರಲ್ಲಿ, ಈ ಕಡಲಿನ ಮೀನು ತಿನ್ನುವವರಲ್ಲಿ ನಾವಿಲ್ಲವೇ? ವುಝೂ ಮಾಡುವಾಗ ನೀರು ಪೋಲಾಗಬಾರದೆಂದು ಬೋಧಿಸುವ ನಾವು, ನದಿಯ ಗತಿಯ ಬಗ್ಗೆ ಮೌನವಾಗಿರುವುದು ಹೇಗೆ?

ಕೈಗಾದಲ್ಲಿ ತಲಾ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳಿಗೆ ಕೇಂದ್ರ ಸಂಪುಟವು 2017ರಲ್ಲೇ ಒಪ್ಪಿಗೆ ನೀಡಿದೆ. ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಸುತ್ತಲಿನ ಹಳ್ಳಿಗಳ ಆರೋಗ್ಯ ಸಮೀಕ್ಷೆಯನ್ನು ಸ್ವತಂತ್ರ ತಜ್ಞರು ನಡೆಸಿ, ವರದಿಯನ್ನು ಕನ್ನಡದಲ್ಲಿ ಪ್ರಕಟಿಸಲಿ. ತುರ್ತು ಸಮಯದಲ್ಲಿ ಏನು ಮಾಡಬೇಕೆಂಬುದು ಪ್ರತಿ ಮನೆಗೂ ತಿಳಿಯಲಿ. ಪೂರೈಕೆದಾರರ ಹೊಣೆಯ ಕಲಮು ಮರಳಿ ಬರಲಿ. ಹೊಣೆ ಹೊರಲು ಒಪ್ಪದವನಿಗೆ ಲಾಭದ ಹಕ್ಕೂ ಇಲ್ಲ.

ಇದು ಮುಸ್ಲಿಮರ ಬೇಡಿಕೆಯಲ್ಲ, ಮನುಷ್ಯರ ಬೇಡಿಕೆ. ನೆರೆಯವರೊಂದಿಗೆ ಸೇರಿ ಅದನ್ನು ಎತ್ತುವ ಧೈರ್ಯವನ್ನು ಅಲ್ಲಾಹನು ನಮಗೆ ಅನುಗ್ರಹಿಸಲಿ.