ಪ್ಯಾಕೆಟ್ ಊರಿಗೆ ಹೇಗೆ ಬಂತು ಸ್ವಾಮಿ?

ಇವತ್ತು ಒಂದು ಕ್ವಾರ್ಟರ್ ವಿಸ್ಕಿಯ ಪ್ರಯಾಣದ ಬಗ್ಗೆ ಮಾತಾಡೋಣ.

ಕರ್ನಾಟಕದಲ್ಲಿ ಅದು ಡಿಸ್ಟಿಲರಿಯಿಂದ ಸೀದಾ ಅಂಗಡಿಗೆ ಹೋಗೋ ಹಾಗಿಲ್ಲ. ನಡುವೆ ಸರ್ಕಾರ ಇದೆ. 2003ರಲ್ಲಿ ಶುರುವಾದ ರಾಜ್ಯ ಪಾನೀಯ ನಿಗಮ, ಅಂದ್ರೆ ಕೆಎಸ್‌ಬಿಸಿಎಲ್, ಮದ್ಯದ ಸಗಟು ವ್ಯಾಪಾರಿ. ಕಂಪನಿಯವರು ನಿಗಮದ ಡಿಪೋದಲ್ಲಿ ಮಾಲು ಇಳಿಸಬೇಕು. ಲೈಸೆನ್ಸ್ ಇರೋರು ದುಡ್ಡು ಕಟ್ಟಿ ಅಲ್ಲಿಂದಲೇ ಎತ್ತಬೇಕು. ಯಾವ ಅಂಗಡಿಗೆ ಎಷ್ಟು ಬಾಕ್ಸ್ ಹೋಯ್ತು ಅನ್ನೋದಕ್ಕೆ ಬಿಲ್ ಇದೆ.

ಅಂಗಡಿಗೂ ಕಟ್ಟುಪಾಡು. ಸಿಎಲ್-2 ಅಂದ್ರೆ ಎಂಆರ್‌ಪಿ ಅಂಗಡಿ, ಕೊಂಡು ಹೋಗಬೇಕು, ಅಲ್ಲಿ ಕುಡಿಯೋ ಹಾಗಿಲ್ಲ. ಸಿಎಲ್-9 ಅಂದ್ರೆ ಬಾರ್, ಅಲ್ಲೇ ಕುಡಿಯಬೇಕು. ಈ ಎರಡೂ ಬಗೆಯ ಹೊಸ ಲೈಸೆನ್ಸ್ ಕೊಡೋದನ್ನ ಸರ್ಕಾರ 1992ರಲ್ಲೇ ನಿಲ್ಲಿಸಿತು. ಸಾರಾಯಿ 2007ರ ಜುಲೈ 1ರಿಂದ ಬಂದ್. ಕಾಗದದ ಮೇಲೆ ಎಲ್ಲ ಬಿಗಿ.

ಈಗ ಹಳ್ಳಿಗೆ ಬನ್ನಿ. ಲೈಸೆನ್ಸ್ ಅಂಗಡಿಯೇ ಇಲ್ಲದ ಊರಲ್ಲಿ ಕಿರಾಣಿ ಅಂಗಡಿಯಲ್ಲಿ, ಗೂಡಂಗಡಿಯಲ್ಲಿ ಪ್ಯಾಕೆಟ್ ಸಿಗುತ್ತೆ. ಬೆಳಗ್ಗೆ ಬಾಗಿಲು ತಟ್ಟಿದ್ರೂ ಸಿಗುತ್ತೆ. ಎಂಆರ್‌ಪಿ ಮೇಲೆ ಇಷ್ಟು ಅಂತ ಜಾಸ್ತಿ ಕೊಡಬೇಕು, ಸಾಲವೂ ಉಂಟು. ನೆನಪಿಡಿ, ಇದು ಕಳ್ಳಭಟ್ಟಿ ಅಲ್ಲ. ತೆರಿಗೆ ಕಟ್ಟಿದ, ಸರ್ಕಾರದ್ದೇ ಡಿಪೋದಿಂದ ಹೊರಟ ಮಾಲು.

2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದ್ರು. ಅವರು ಕೇಳಿದ್ದು ಪೂರ್ತಿ ಮದ್ಯನಿಷೇಧ. ನನಗೆ ನಿಷೇಧದ ಮೇಲೆ ಅಷ್ಟು ನಂಬಿಕೆ ಇಲ್ಲ. ನಿಷೇಧ ಇರೋ ಗುಜರಾತಿನ ಬೊಟಾದ್ ಕಡೆ 2022ರಲ್ಲಿ ವಿಷದ ಮದ್ಯ ಕುಡಿದು 40ಕ್ಕೂ ಹೆಚ್ಚು ಜನ ಸತ್ರು. ಆದ್ರೆ ಆ ತಾಯಂದಿರ ನೋವು ಸುಳ್ಳಲ್ಲ. ಗಂಡನ ಕೂಲಿ ದುಡ್ಡು ಮನೆ ಮುಟ್ಟೋಕೆ ಮುಂಚೆ ಗೂಡಂಗಡಿ ಮುಟ್ಟುತ್ತೆ. ಇರೋ ಕಾನೂನನ್ನಾದ್ರೂ ನಡೆಸಿ ಅಂತ ಕೇಳೋದಕ್ಕೆ ನಿಷೇಧವಾದಿ ಆಗಬೇಕಿಲ್ಲ.

ಯಾಕೆ ನಡೆಸಲ್ಲ? 2025-26ರ ಬಜೆಟ್‌ನಲ್ಲಿ ಅಬಕಾರಿ ಗುರಿ 40,000 ಕೋಟಿ ರೂಪಾಯಿ. ಗೂಡಂಗಡಿಯಲ್ಲಿ ಮಾರಿದ ಪ್ಯಾಕೆಟ್ಟಿನ ತೆರಿಗೆಯೂ ಆ ಗುರಿಗೇ ಜಮಾ. ಗುರಿ ಮುಟ್ಟಬೇಕಾದವರೂ ಅಕ್ರಮ ಹಿಡಿಯಬೇಕಾದವರೂ ಒಂದೇ ಇಲಾಖೆ. ಮಗುವನ್ನೂ ಚಿವುಟೋದು, ತೊಟ್ಟಿಲನ್ನೂ ತೂಗೋದು!

ನಾನು ಎಂಜಿನಿಯರಿಂಗ್ ಓದಿದವನು. ಪೈಪಿನ ಬಾಯಲ್ಲಿ ಮೀಟರ್ ಇಟ್ಕೊಂಡು ನೀರು ಎಲ್ಲಿ ಸೋರ್ತಿದೆ ಗೊತ್ತಿಲ್ಲ ಅಂದ್ರೆ ಒಪ್ಪೋದು ಕಷ್ಟ. ಸಣ್ಣ ಊರಿನ ಒಂದು ಅಂಗಡಿ ತನ್ನ ಗಿರಾಕಿಗಳಿಗೆ ಮೀರಿದಷ್ಟು ಬಾಕ್ಸ್ ಎತ್ತುತ್ತಿದ್ರೆ, ಅದು ಬಿಲ್ಲಿನಲ್ಲೇ ಕಾಣಬೇಕಲ್ವಾ?

ಹಾಗಾಗಿ ಎರಡೇ ಬೇಡಿಕೆ. ಒಂದು, ಪ್ರತಿ ಅಂಗಡಿ ತಿಂಗಳಿಗೆ ಎಷ್ಟು ಮದ್ಯ ಎತ್ತಿತು ಅನ್ನೋ ಲೆಕ್ಕವನ್ನ ಗ್ರಾಮ ಪಂಚಾಯ್ತಿ ಬೋರ್ಡಿಗೆ ಹಾಕಿ. ಎರಡು, ಕಿರಾಣಿ ಅಂಗಡಿಯಲ್ಲಿ ಪ್ಯಾಕೆಟ್ ಸಿಕ್ಕಿದ್ರೆ ಮಾರಿದ ಬಡಪಾಯಿ ಮೇಲಷ್ಟೇ ಕೇಸು ಬೇಡ. ಅದನ್ನ ಕೊಟ್ಟ ಲೈಸೆನ್ಸ್‌ದಾರ ಯಾರು ಅಂತ ಹುಡುಕಿ, ಅವನ ಲೈಸೆನ್ಸಿಗೆ ಕೈ ಹಾಕಿ.

ತೆರಿಗೆ ವಸೂಲಿಗೆ ಒಂದು ಪ್ಯಾಕೆಟ್ಟೂ ತಪ್ಪಿಸಿಕೊಳ್ಳಬಾರದು ಅನ್ನೋ ಸರ್ಕಾರ, ಅದೇ ಕಣ್ಣನ್ನ ಹಳ್ಳಿ ಕಡೆಗೂ ತಿರುಗಿಸಲಿ.