ಮೂತಿ ಲಾರಿಯ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಹಳೇ ಲಾರಿ ಎಬ್ಬಿಸಿ ನೋಡು ಎನ್ನಲಿಲ್ಲ. ಅವರ ಕಾಲಕ್ಕೆ ಲಾರಿಯೇ ಇನ್ನೂ ಹಳತಾಗಿರಲಿಲ್ಲವಲ್ಲ!

1954ರಲ್ಲಿ ಟಾಟಾದ ಟೆಲ್ಕೊ ಕಂಪನಿ ಡೈಮ್ಲರ್-ಬೆಂಜ್ ಜೊತೆಗೂಡಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. 1969ರಲ್ಲಿ ಒಪ್ಪಂದ ಮುಗಿದು, ಮೂತಿಯ ಮೇಲಿದ್ದ ಬೆಂಜ್ ನಕ್ಷತ್ರ ಹೋಗಿ ಟಾಟಾದ 'ಟಿ' ಬಂತು. ಅಂಥ ನಕ್ಷತ್ರದ ಲಾರಿ ಯಾರದೋ ಹಿತ್ತಲಲ್ಲಿ ಕಂಡರೆ ಮನಸ್ಸು ಜಾರುತ್ತದೆ. ಜಾರುವ ಮೊದಲು ಟಾರ್ಚು ಹಿಡಿದು ಚಾಸಿಯ ಅಡಿಗೆ ತೂರಿ. ತುಕ್ಕು ಅಲ್ಲಿಯವರೆಗೆ ತಿಂದಿದ್ದರೆ ಕೈಮುಗಿದು ಹಿಂದಿರುಗಿ.

ಕೊಂಡ ಬೆಲೆ ಬರೀ ಮುಂಗಡ. ಟೈರುಗಳೇ ಸ್ಟೆಪ್ನಿ ಸೇರಿ ಏಳು! ಆಗ ಎಷ್ಟೋ ಲಾರಿಗಳು ಎಂಜಿನ್, ಚಾಸಿ, ಮೂತಿಯಷ್ಟೇ ಆಗಿ ಕಾರ್ಖಾನೆ ಬಿಡುತ್ತಿದ್ದವು. ಕ್ಯಾಬಿನ್ನು, ಮರದ ಬಾಡಿ ಊರ ಬಡಗಿಯ ಕೈಕೆಲಸ. ಹಾಗಾಗಿ ಅದರ ಬಾಗಿಲು ಅಂಗಡಿಯಲ್ಲಿ ಸಿಗದು, ಮಾಡಿಸಬೇಕು. ಮೇಸ್ತ್ರಿ ಹೇಳಿದ ಮೊತ್ತಕ್ಕೆ ಇನ್ನರ್ಧ ಸೇರಿಸಿ ಬರೆದಿಟ್ಟುಕೊಳ್ಳುವುದು ನನ್ನ ಲೆಕ್ಕ.

ಮೊದಲು ಬ್ರೇಕು, ಸ್ಟೀರಿಂಗು; ಆಮೇಲೆ ಎಂಜಿನ್, ವೈರಿಂಗ್. ಬಣ್ಣ ಕೊನೆಗೆ. ಬಣ್ಣದಿಂದ ಶುರು ಮಾಡಿದವರ ಲಾರಿ ಹೊಳೆಯುತ್ತದೆ, ಹೊರಡುವುದಿಲ್ಲ.

ಕಾಗದಪತ್ರವನ್ನೂ ಮೊದಲೇ ನೋಡಿ. 2021ರ ವಿಂಟೇಜ್ ನೋಂದಣಿ ನಿಯಮ ದ್ವಿಚಕ್ರ ವಾಹನ, ಕಾರುಗಳಿಗಷ್ಟೇ. ಸರಕು ಲಾರಿಗೆ ಆ ಬಾಗಿಲಿಲ್ಲ. ಆರ್‌ಸಿ ಪುಸ್ತಕ ಇಲ್ಲದ ಲಾರಿ ಎಷ್ಟೇ ಅಗ್ಗವಾದರೂ, ಅದರ ಸರಿಯಾದ ದರ ಗುಜರಿಯದೇ.