ಹಾಸಿಗೆ ಹಿಡಿದವರನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇವೆ?

(ತೋಟದ ಕಾರ್ಮಿಕ ಕುಟುಂಬಗಳ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಬೆಳಗಿನ ಜಾವ ಕಂಬಂ ಮೆಟ್ಟಿಗೂ ಬೋಡಿ ಮೆಟ್ಟಿಗೂ ಜೀಪುಗಳು ಹತ್ತುವುದನ್ನು ನೀವೆಲ್ಲ ಬಲ್ಲಿರಿ. ಗಂಡ ಹೆಂಡತಿ ಇಬ್ಬರೂ ಬುತ್ತಿ ಕಟ್ಟಿಕೊಂಡು ಇಡುಕ್ಕಿಯ ಏಲಕ್ಕಿ ತೋಟಕ್ಕೆ ಹೊರಟರೆ ಮನೆ ಸೇರುವುದು ಕತ್ತಲಾಗುವ ಹೊತ್ತಿಗೆ. ಮೇಘಮಲೆಯ ಚಹಾ ತೋಟದಲ್ಲಿಯೂ, ದಿಂಡಿಗಲ್ ಜಿಲ್ಲೆಯ ತಾಂಡಿಗುಡಿಯ ಕಾಫಿ ತೋಟದಲ್ಲಿಯೂ ಕಥೆ ಹೆಚ್ಚು ಬೇರೆಯಲ್ಲ. ಹಗಲೆಲ್ಲ ಹಾಸಿಗೆ ಹಿಡಿದ ತಾಯಿ, ಪಾರ್ಶ್ವವಾಯು ಬಡಿದ ತಂದೆ, ವಯಸ್ಸಿಗೆ ಬಂದರೂ ಬುದ್ಧಿ ಬೆಳೆಯದ ಮಗ, ಇವರ ಬಳಿ ಕೂರುವವರು ಯಾರು? ಹಿಂದೆ ಲೈನಿನಲ್ಲಿ ಪಕ್ಕದ ಮನೆಯ ಅಜ್ಜಿ ಒಂದು ಕಣ್ಣಿಟ್ಟಿರುತ್ತಿದ್ದಳು. ಈಗ ಹಣ ಕೊಟ್ಟರೆ ಆಳು ಕಳಿಸುವ ಏಜೆನ್ಸಿಗಳಿವೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂಡಿ ಹಣ ಹಾಕಿ ‘ಹೋಮ್ ನರ್ಸ್’ ಇಡುತ್ತಾರೆ. ಅಂಥ ಏಜೆನ್ಸಿ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯುವುದು ಹೇಗೆ ಎಂಬುದೇ ಇಂದಿನ ನನ್ನ ಮಾತು.

ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಬರುವ ಸಮಾರ್ಯದವನನ್ನು ನೆನೆಯಿರಿ. ಗಾಯಗೊಂಡವನನ್ನು ಅವನು ಛತ್ರಕ್ಕೆ ಸೇರಿಸಿ ಒಂದು ರಾತ್ರಿ ಆರೈಕೆ ಮಾಡಿದ. ಮರುದಿನ ಅವನಿಗೂ ತನ್ನ ಕೆಲಸವಿತ್ತು, ಹೊರಡಲೇಬೇಕಿತ್ತು. ಛತ್ರದವನಿಗೆ ಎರಡು ನಾಣ್ಯ ಕೊಟ್ಟು ಒಪ್ಪಿಸಿದ. ಆದ್ದರಿಂದ ಹಣ ಕೊಟ್ಟು ಆರೈಕೆಗೆ ಆಳಿಡುವುದು ಪಾಪವಲ್ಲ. ಆದರೆ ಅವನು ಎರಡು ಮಾತು ಕೊಟ್ಟು ಹೋದ: ಮರಳಿ ಬರುತ್ತೇನೆ ಎಂದು, ಹೆಚ್ಚು ಖರ್ಚಾದರೆ ಅದನ್ನೂ ತೀರಿಸುತ್ತೇನೆ ಎಂದು. ಮರಳಿ ಬಂದು ನೋಡುವುದು, ದುಡಿದವರಿಗೆ ಪೂರ್ತಿ ಸಲ್ಲಿಸುವುದು. ನಮ್ಮ ಅಳತೆಗೋಲು ಇವೆರಡರಲ್ಲೇ ಇದೆ.

ಇದನ್ನು ನಾನು ಕಲಿತದ್ದು ಉಪದೇಶದ ಪುಸ್ತಕದಿಂದಲ್ಲ. ನನ್ನ ಅವ್ವನಿಗೆ ಪಾರ್ಶ್ವವಾಯು ಬಡಿದಾಗ ನಾವು ಒಡಹುಟ್ಟಿದವರು ಸೇರಿ ಒಂದು ಏಜೆನ್ಸಿಯಿಂದ ಹುಡುಗಿಯೊಬ್ಬಳನ್ನು ಕರೆಸಿದೆವು. ಅವಳು ತಮಿಳಿನವಳು. ಅವ್ವ ಜೀವನವಿಡೀ ಪೇಟೆಯಲ್ಲಿ ತಮಿಳು ಆಡಿದವಳೇ, ಆದರೆ ಕಾಯಿಲೆಯ ನಂತರ ಅವಳ ಬಾಯಲ್ಲಿ ಉಳಿದದ್ದು ಮನೆಯ ಕನ್ನಡ ಮಾತ್ರ. ದಿನವೂ ತೊದಲುತ್ತಾ “ಮಗ್ಗಲು, ಮಗ್ಗಲು” ಎನ್ನುತ್ತಿದ್ದಳಂತೆ. ಹುಡುಗಿಗೆ ಅದು ತಮಿಳಿನ ‘ಮಕ್ಕಳ್’ ಎಂದು ಕೇಳಿಸಿತು. ಮುದುಕಿ ಮಕ್ಕಳನ್ನು ನೆನೆಯುತ್ತಿದ್ದಾಳೆಂದು ತಿಳಿದು, ಸಾಯಂಕಾಲ ಬರುತ್ತಾರೆ ಪಾಟಿ ಎಂದು ಕೈ ಹಿಡಿದು ಸಮಾಧಾನ ಮಾಡುತ್ತಿದ್ದಳು. ಅವ್ವ ಕೇಳುತ್ತಿದ್ದದ್ದು ಮಗ್ಗಲು ಹೊರಳಿಸು ಎಂದು. ನನ್ನ ತಂಗಿ ಬಂದು ಸೀರೆ ಬದಲಿಸುವಾಗ ನೋಡಿದರೆ ಬೆನ್ನಿನ ಕೆಳಗೆ ಅಂಗೈಯಗಲದ ಹುಣ್ಣು.

ನಾನು ಹುಡುಗಿಯ ಮೇಲೆ ಕೂಗಾಡಿದೆ. ನನ್ನ ತಂಗಿ ಮಾತ್ರ ಅವಳನ್ನು ಒಂದೇ ಪ್ರಶ್ನೆ ಕೇಳಿದಳು: “ನೀನು ಯಾವತ್ತು ನೆಟ್ಟಗೆ ನಿದ್ದೆ ಮಾಡಿದ್ದು, ತಾಯಿ?” 43 ದಿನಗಳಿಂದ ಅವಳಿಗೆ ಒಂದು ರಜೆಯೂ ಇರಲಿಲ್ಲ. ನಾವು ಕೊಟ್ಟ ಹಣದಲ್ಲಿ ಮೂರರಲ್ಲೊಂದು ಪಾಲು ಅವಳ ಕೈ ಸೇರುತ್ತಲೇ ಇರಲಿಲ್ಲ. ಎಂಟು ಗಂಟೆಯ ಕೆಲಸ ಎಂದು ಸಂಘದ ಸಭೆಯಲ್ಲಿ ಕೂಗಿದ ನಾನು, ನನ್ನ ಮನೆಯೊಳಗೇ ಒಬ್ಬಳನ್ನು ಇಪ್ಪತ್ತನಾಲ್ಕು ಗಂಟೆ ದುಡಿಸುತ್ತಿದ್ದೆ. ಅವ್ವನ ಬೆನ್ನು ನೋಡಲಿಲ್ಲ, ಹುಡುಗಿಯ ಕೂಲಿ ಕೇಳಲಿಲ್ಲ. ತಪ್ಪಿನಲ್ಲಿ ಏಜೆನ್ಸಿಯ ಪಾಲು ಎಷ್ಟಿತ್ತೋ ನನ್ನ ಪಾಲೂ ಅಷ್ಟೇ ಇತ್ತು.

ಆದ್ದರಿಂದ ಪ್ರಿಯರೇ, ಈ ಕೆಲವು ವಿಷಯಗಳನ್ನು ಮನಸ್ಸಿನಲ್ಲಿಡಿ.

ಮೊದಲನೆಯದು, ಆಳು ಬರುವ ಮುಂಚೆ ನೋಡಬೇಕಾದದ್ದು. ಏಜೆನ್ಸಿಯವರು ಮನೆಗೆ ಬಂದು ರೋಗಿಯನ್ನು ನೋಡುತ್ತಾರೆಯೇ, ಇಲ್ಲವೇ ಮುಂಗಡವನ್ನಷ್ಟೇ ಕೇಳುತ್ತಾರೆಯೇ? ಕೆಲಸವೇನು, ಹೊತ್ತು ಎಷ್ಟು, ರಜೆಯ ದಿನ ಬದಲಿಗೆ ಯಾರು ಬರುತ್ತಾರೆ, ಮುಂಗಡ ಯಾವಾಗ ವಾಪಸು, ದೂರು ಯಾರಿಗೆ ಹೇಳಬೇಕು, ಇವೆಲ್ಲ ಬರೆದ ಕಾಗದದಲ್ಲಿರಲಿ. ಪೊಲೀಸ್ ಪರಿಶೀಲನೆ ಆಗಿದೆಯೇ ಕೇಳಿರಿ. ‘ನರ್ಸ್’ ಎಂದು ಹೇಳಿದರೆ ನರ್ಸ್‌ಗಳ ಕೌನ್ಸಿಲಿನಲ್ಲಿ ನೋಂದಾಯಿಸಿದ ಸಂಖ್ಯೆ ಕೇಳಿರಿ. ಅದಿಲ್ಲದವರು ಆರೈಕೆಯವರು. ಅದು ಗೌರವದ ಕೆಲಸವೇ, ಆದರೆ ಚುಚ್ಚುಮದ್ದು ಕೊಡುವುದು, ಮೂತ್ರದ ಟ್ಯೂಬು ಹಾಕುವುದು ಅವರ ಕೆಲಸವಲ್ಲ.

ಎರಡನೆಯದು, ಬೆನ್ನು. ತಾವಾಗಿ ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ವಾರಕ್ಕೊಮ್ಮೆಯಾದರೂ ನೀವೇ ಮೈ ಒರೆಸಿರಿ. ಬೆನ್ನಿನ ಕೆಳಗಿನ ಮೂಳೆ, ಸೊಂಟದ ಎರಡು ಪಕ್ಕ, ಹಿಮ್ಮಡಿ, ಹೆಗಲ ಮೂಳೆ, ತಲೆಯ ಹಿಂಭಾಗ ನೋಡಿರಿ. ನಮ್ಮಂಥ ಕಪ್ಪು ಮೈಯಲ್ಲಿ ಕೆಂಪು ಬೇಗ ಕಾಣದು. ಮುಟ್ಟಿ ನೋಡಿರಿ: ಬಿಸಿಯಾಗಿದ್ದರೆ, ಗಟ್ಟಿಯಾಗಿದ್ದರೆ ಅದು ಹುಣ್ಣಿನ ಮುನ್ಸೂಚನೆ. ಊಟ ಕೂರಿಸಿಯೇ ಕೊಡುತ್ತಾರೆಯೇ, ಮಾತ್ರೆ ಕೊಟ್ಟ ಹೊತ್ತು ಬರೆದಿಡುತ್ತಾರೆಯೇ ಗಮನಿಸಿರಿ. ರೋಗಿ ಇದ್ದಕ್ಕಿದ್ದಂತೆ ಹಗಲೆಲ್ಲ ಮಂಪರಿನಲ್ಲಿದ್ದರೆ ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿರಿ. ಹೇಳದೆ ಕೇಳದೆ ಬಂದಾಗ ಮುಖ ಗಂಟಿಕ್ಕುವ ಏಜೆನ್ಸಿಯನ್ನು ನಂಬಬೇಡಿ.

ಮೂರನೆಯದು, ಭಾಷೆ. ನೋವು, ಮಗ್ಗಲು, ಬಾಯಾರಿಕೆ, ಚಳಿ, ಹೀಗೆ ಹತ್ತು ಮಾತುಗಳನ್ನು ಅವರ ಭಾಷೆಯ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಒಂದು ಕಾಗದದ ಚೂರು ನನ್ನ ಅವ್ವನ ಬೆನ್ನನ್ನು ಉಳಿಸುತ್ತಿತ್ತು.

ನಾಲ್ಕನೆಯದು, ಕೂಲಿ. ಆರೈಕೆಯವಳಿಗೆ ಎಷ್ಟು ಸಿಗುತ್ತದೆ, ಯಾವ ದಿನ ರಜೆ, ರಾತ್ರಿ ಎಷ್ಟು ಹೊತ್ತು ನಿದ್ದೆ ಎಂದು ಅವಳನ್ನೇ ಕೇಳಿರಿ. ನಿದ್ದೆಗೆಟ್ಟ ಕೈ ಯಾರನ್ನೂ ಹೊರಳಿಸಲಾರದು. ತಮಿಳುನಾಡಿನಲ್ಲಿ ಮನೆಗೆಲಸದವರಿಗೆ 2007ರಲ್ಲಿ ಕಲ್ಯಾಣ ಮಂಡಳಿ ರಚನೆಯಾಯಿತು. ಅವಳ ಹೆಸರು ಅಲ್ಲಿ ಸೇರಬಹುದೇ ಎಂದು ಕಾರ್ಮಿಕ ಕಚೇರಿಯಲ್ಲಿ ವಿಚಾರಿಸಲು ನಮ್ಮ ಸಂಘ ಜೊತೆಗೆ ಬರುತ್ತದೆ.

ಐದನೆಯದು, ಹೆಬ್ಬೆಟ್ಟು. ರೋಗಿಯ ಬ್ಯಾಂಕ್ ಪುಸ್ತಕ, ಪಡಿತರ ಚೀಟಿ, ಪಟ್ಟಾ ಯಾರ ಕೈಗೂ ಬೇಡ. ಯಾವ ಖಾಲಿ ಕಾಗದಕ್ಕೂ ಅವರ ಹೆಬ್ಬೆಟ್ಟು ಒತ್ತಿಸಬಾರದು. ಇದು ನಮ್ಮ ದಾಯಾದಿಗಳಿಗೂ ಸೇರಿದ ಮಾತು. ಬುದ್ಧಿ ಬೆಳವಣಿಗೆ ಕುಂಠಿತವಾದ ವಯಸ್ಕ ಮಕ್ಕಳಿಗೆ ಪೋಷಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಿದೆ. ಅದಕ್ಕಾಗಿ ಕಲೆಕ್ಟರರನ್ನೊಳಗೊಂಡ ಜಿಲ್ಲಾ ಸಮಿತಿ ಇದೆ.

ಏಜೆನ್ಸಿಗೆ ಹಣವೇ ಇಲ್ಲದವರು ಏನು ಮಾಡಬೇಕು ಎಂದು ಕೇಳುವಿರಿ. ನಮ್ಮಲ್ಲಿ ಹೆಚ್ಚಿನವರು ಅಂಥವರೇ. 2021ರ ಆಗಸ್ಟ್ 5ರಂದು ನಮ್ಮ ರಾಜ್ಯದಲ್ಲಿ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಆರಂಭವಾಯಿತು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮನೆಗೇ ತಲುಪಿಸುವುದು, ಹಾಸಿಗೆ ಹಿಡಿದವರ ಉಪಶಮನ ಆರೈಕೆ, ಫಿಸಿಯೋಥೆರಪಿ, ಇವು ಅದರಲ್ಲಿವೆ. ನಿಮ್ಮ ಲೈನಿಗೆ ಅದು ಬರುತ್ತಿಲ್ಲವಾದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹೆಸರು ಬರೆಸಿರಿ. ಘಟ್ಟದ ಆಚೆ ಕೇರಳದವರು 2008ರಲ್ಲೇ ಉಪಶಮನ ಆರೈಕೆಗೆ ಸರಕಾರಿ ನೀತಿ ಮಾಡಿಕೊಂಡರು. ಅಲ್ಲಿ ಪಂಚಾಯತಿಯ ನರ್ಸ್ ಮನೆಮನೆಗೆ ಹೋಗುತ್ತಾಳೆ, ಊರಿನ ಸ್ವಯಂಸೇವಕರು ಜೊತೆಗಿರುತ್ತಾರೆ. ಕೂಲಿಗಾಗಿ ಆ ಮೆಟ್ಟು ಹತ್ತುವ ನಾವು ಈ ಒಳ್ಳೆಯ ರೂಢಿಯನ್ನೂ ಇಳಿಸಿಕೊಂಡು ಬರೋಣ.

ಹೆತ್ತವರನ್ನು ಕೈಬಿಟ್ಟರೆ 2007ರ ಹಿರಿಯ ನಾಗರಿಕರ ಕಾಯಿದೆಯಡಿ ಆರ್.ಡಿ.ಓ. ಮುಂದೆ ದೂರು ಕೊಡಬಹುದು. ಹಿರಿಯರ ಸಹಾಯಕ್ಕೆ 14567 ಎಂಬ ದೂರವಾಣಿ ಸಂಖ್ಯೆಯಿದೆ. ಆದರೆ ಕಾಯಿದೆಯ ಭಯದಿಂದ ನೋಡಿಕೊಳ್ಳುವ ಮಕ್ಕಳು ನಾವಾಗಬಾರದು.

ಒಂದು ಬೇಡಿಕೆಯಿಂದ ಮುಗಿಸುತ್ತೇನೆ. ಪ್ರತಿ ಲೈನಿನಲ್ಲಿ ಇಬ್ಬಿಬ್ಬರು ಸೇರಿ ಭಾನುವಾರದ ಪೂಜೆಯ ನಂತರ ಹಾಸಿಗೆ ಹಿಡಿದವರ ಮನೆಗೆ ಹೋಗಿಬನ್ನಿ. ಏಜೆನ್ಸಿಯ ಆಳಿರಲಿ, ಸೊಸೆಯಿರಲಿ, ಯಾರೇ ನೋಡಿಕೊಳ್ಳುತ್ತಿರಲಿ, ಒಂದು ಗಂಟೆ ನೀವು ಕೂತು ಅವರನ್ನು ಮಲಗಲು ಕಳಿಸಿರಿ. ರೋಗಿಯ ಮಗ್ಗಲು ಬದಲಿಸಿರಿ. ಅವ್ವ ಈಗ ದೇವರ ಬಳಿ ಇದ್ದಾಳೆ. ಕೊನೆಯ ನಾಲ್ಕು ತಿಂಗಳು ಅದೇ ಹುಡುಗಿ ಅವಳನ್ನು ನೋಡಿಕೊಂಡಳು, ಹಗಲು ಮಾತ್ರ, ಭಾನುವಾರ ರಜೆಯೊಂದಿಗೆ. ರಾತ್ರಿ ನಾವು ಮಕ್ಕಳು ಸರದಿಯಲ್ಲಿ ಎದ್ದೆವು. ಹುಣ್ಣು ಮಾಯಿತು. ಮಗ್ಗಲು ಎಂಬ ಮಾತನ್ನು ಆ ಹುಡುಗಿ ಅವ್ವನಂತೆಯೇ ಆಡಲು ಕಲಿತಿದ್ದಳು.

ದೇವರು ನಿಮ್ಮನ್ನೂ ನಿಮ್ಮ ಮನೆಯ ಹಿರಿಯರನ್ನೂ ಹರಸಲಿ.